ನಿಮಗಿದು ಗೊತ್ತೇ? ಫಾರ್ಸಿ ನಾಡಿನ ಮನೆಮಾತುಗಳು

● ಕಣ್ಣಿಗೆ ‘ಖನ್’, ಕಲ್ಲಿಗೆ ‘ಖಲ್’, ಬಾಯಿಗೆ ‘ಬಾ’, ಹಾಲಿಗೆ ‘ಪಾಲ್’, ನೀನು ಎನ್ನುವುದಕ್ಕೆ ‘ನೀ’. ಹೀಗೆ ಮಾತಾಡುವ ಮನೆಗಳು ಇರಾನಿನಲ್ಲಿವೆ! ದೇಶದ ಆಗ್ನೇಯ ಮೂಲೆಯ ಸಿಸ್ತಾನ್-ಬಲೂಚಿಸ್ತಾನ ಪ್ರಾಂತ್ಯದ ಈ ಭಾಷೆಯ ಹೆಸರು ಬ್ರಾಹುಯಿ. ಕನ್ನಡ, ತುಳು, ತಮಿಳು, ತೆಲುಗುಗಳಿರುವ ದ್ರಾವಿಡ ಬಳ್ಳಿಯದೇ ಕುಡಿ. ಇದನ್ನಾಡುವವರಲ್ಲಿ ಹೆಚ್ಚಿನವರು ಪಾಕಿಸ್ತಾನದ ಬಲೂಚಿಸ್ತಾನದಲ್ಲಿದ್ದಾರೆ, ಸ್ವಲ್ಪ ಜನ ಅಫ್ಘಾನಿಸ್ತಾನದಲ್ಲಿ, ಇನ್ನೂ ಸ್ವಲ್ಪ ಜನ ಇರಾನಿನಲ್ಲಿ. ಹಾಲನ್ನು ನಾವೂ ಹಳಗನ್ನಡದಲ್ಲಿ ‘ಪಾಲ್’ ಎಂದೇ ಕರೆಯುತ್ತಿದ್ದೆವು. ನಮ್ಮ ಪಕಾರ ಹಕಾರವಾಯಿತು, ಅವರದು ಹಾಗೇ ಉಳಿಯಿತು.

● ಬ್ರಾಹುಯಿಯಲ್ಲಿ ಎಣಿಸಿ ನೋಡಿ: ‘ಅಸಿಟ್, ಇರಟ್, ಮುಸಿಟ್’. ಇರಟ್ ನಮ್ಮ ಎರಡರ ಒಡಹುಟ್ಟು, ಮುಸಿಟ್ ನಮ್ಮ ಮೂರರ ಒಡಹುಟ್ಟು. ನಾಲ್ಕಕ್ಕೆ ಬಂದ ಕೂಡಲೇ ‘ಚಾರ್’, ಆಮೇಲೆ ‘ಪಂಚ್’. ಮೂರರ ತನಕ ದ್ರಾವಿಡ, ಅಲ್ಲಿಂದ ಮುಂದೆ ನೆರೆಯ ಇರಾನಿ ಭಾಷೆಗಳಿಂದ ತಂದ ಕಡ. ನೂರಾರು ವರ್ಷ ಬಲೂಚಿ ಭಾಷಿಕರ ನಡುವೆ ಬದುಕಿದ್ದರ ಗುರುತು ಇದು. ಡೆನಿಸ್ ಬ್ರೇ ಎಂಬ ಬ್ರಿಟಿಷ್ ಅಧಿಕಾರಿ 1909ರಲ್ಲಿ ಈ ಭಾಷೆಯ ವ್ಯಾಕರಣ ಪ್ರಕಟಿಸಿದರು. ದ್ರಾವಿಡ ಭಾಷೆಗಳ ಅಧ್ಯಯನ ಮಾಡುವವರು ಇಂದಿಗೂ ಆ ಪುಸ್ತಕದ ಬಳಿಗೆ ಹೋಗುತ್ತಾರೆ. ಬ್ರಾಹುಯಿ ಆಡುವವರು ಮೊದಲಿನಿಂದಲೂ ಅಲ್ಲೇ ಉಳಿದವರೋ, ತೆಂಕಣದಿಂದ ಆಮೇಲೆ ಹೋದವರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ‘ನೀ’ ಎಂಬ ಒಂದೇ ಅಕ್ಷರದ ಮಾತು ಅಷ್ಟು ದೂರದಲ್ಲಿ ಉಸಿರಾಡುತ್ತಿದೆ ಎಂಬುದೇ ನನಗೆ ಸಾಕಷ್ಟು ದೊಡ್ಡ ಸುದ್ದಿ.

● ಇರಾನಿನವರೆಲ್ಲ ಪರ್ಷಿಯನ್ನರು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮನೆಯಲ್ಲಿ ಫಾರ್ಸಿಯನ್ನೇ ಮೊದಲ ಮಾತಾಗಿ ಕಲಿತವರು ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ. ಉಳಿದವರ ಹೊಸಿಲು ದಾಟಿ ಒಳಗೆ ಹೋದರೆ ಅಜೆರಿ ತುರ್ಕಿ, ಕುರ್ದಿಷ್, ಲೂರಿ, ಗೀಲಕಿ, ಮಾಜಂದರಾನಿ, ಬಲೂಚಿ, ಅರಬ್ಬಿ, ತುರ್ಕ್‌ಮೆನ್, ತಾಲಿಶ್, ತಾತಿ, ಕಶ್ಕಾಯಿ, ಅರ್ಮೇನಿಯನ್, ಜಾರ್ಜಿಯನ್, ಅರಾಮಾಯಿಕ್ ಕೇಳಿಸುತ್ತವೆ. ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ.

● ‘ಪಾರ್ಸಿ’ ‘ಫಾರ್ಸಿ’ ಆದದ್ದು ಹೇಗೆ? ಅರಬ್ಬಿಯಲ್ಲಿ ಪಕಾರವಿಲ್ಲ. ಅರಬರ ಬಾಯಲ್ಲಿ ಪಾರ್ಸ್ ಪ್ರಾಂತ್ಯ ‘ಫಾರ್ಸ್’ ಆಯಿತು, ಅಲ್ಲಿನ ಭಾಷೆ ‘ಫಾರ್ಸಿ’ ಆಯಿತು. ಭಾಷೆಯ ಸ್ವಂತ ಹೆಸರಿನಲ್ಲೇ ಬೇರೊಂದು ಭಾಷೆಯ ಉಚ್ಚಾರ ಕೂತುಬಿಟ್ಟಿದೆ.

● ಇದೇ ಫಾರ್ಸಿ ಮೂರು ದೇಶಗಳ ಆಡಳಿತದಲ್ಲಿದೆ. ಇರಾನಿನಲ್ಲಿ ಫಾರ್ಸಿ, ಅಫ್ಘಾನಿಸ್ತಾನದಲ್ಲಿ ದರಿ, ತಜಿಕಿಸ್ತಾನದಲ್ಲಿ ತಜಿಕ್. ತಜಿಕಿಸ್ತಾನದಲ್ಲಿ ಅದನ್ನು ರಷ್ಯನ್ನರ ಸಿರಿಲಿಕ್ ಲಿಪಿಯಲ್ಲಿ ಬರೆಯುತ್ತಾರೆ.

● ‘ಸರ್ಕಾರ’ದ ‘ಕಾಗದ’ ಹಿಡಿದು ‘ಜಮೀನು’ ನೋಡಲು ಹೋಗುವಾಗ, ‘ಬಜಾರಿ’ನಲ್ಲಿ ‘ದರ್ಜಿ’ಯ ಅಂಗಡಿ ಮುಂದೆ ನಿಂತು ‘ಖುಷಿ’ಪಡುವಾಗ ನಾವು ಆಡುತ್ತಿರುವುದು ಅರ್ಧ ಫಾರ್ಸಿ. ಬಹಮನಿ, ಆದಿಲ್‌ಶಾಹಿ, ಮೊಗಲರ ಕಚೇರಿಗಳ ದಾರಿಯಲ್ಲಿ ಬಂದ ಈ ಪದಗಳು ಈಗ ನಮ್ಮವೇ.

● ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನಲ್ಲಿ. ಅಡಿಕೆ ನಾಡಿನಂತೆ ಮಳೆ ಸುರಿಯುವ, ಭತ್ತ ಬೆಳೆಯುವ ಸೀಮೆ ಅದು. ಇವತ್ತಿಗೂ ಅಲ್ಲಿನ ಮನೆಮಾತು ಗೀಲಕಿ.

● ಗೀಲಕಿಯ ಒಂದು ಗುಣ ಕನ್ನಡಿಗರಿಗೆ ಇಷ್ಟವಾಗುತ್ತದೆ. ಫಾರ್ಸಿಯಲ್ಲಿ ‘ಕೆತಾಬೆ ಮನ್’ ಎನ್ನುತ್ತಾರೆ. ಪುಸ್ತಕ ಮೊದಲು, ‘ನನ್ನ’ ಆಮೇಲೆ. ಗೀಲಕಿಯಲ್ಲಿ ‘ಮಿ ಕಿತಾಬ್’. ಥೇಟ್ ನಮ್ಮ ‘ನನ್ನ ಪುಸ್ತಕ’ದ ಹಾಗೆ. ನೆರೆಯ ಮಾಜಂದರಾನಿಯದೂ ಇದೇ ಕ್ರಮ. ಎರಡನ್ನೂ ಫಾರ್ಸಿಯ ಉಪಭಾಷೆ ಎಂದು ತಳ್ಳಿಬಿಡುವವರು ಈ ಒಂದು ಪದಗುಚ್ಛವನ್ನು ಕೇಳಿಸಿಕೊಂಡರೂ ಸಾಕು, ವಾಕ್ಯದ ಬೆನ್ನುಮೂಳೆಯೇ ಬೇರೆ ಎಂದು ತಿಳಿಯುತ್ತದೆ.

● ಆಧುನಿಕ ಫಾರ್ಸಿ ಕವಿತೆಯ ಜನಕ ಎಂದು ಕರೆಸಿಕೊಳ್ಳುವ ನೀಮಾ ಯೂಶಿಜ್ (1897–1960) ಮಾಜಂದರಾನಿನ ಯೂಶ್ ಎಂಬ ಬೆಟ್ಟದ ಹಳ್ಳಿಯವರು. ಫಾರ್ಸಿ ಕಾವ್ಯದ ಸಾವಿರ ವರ್ಷಗಳ ಛಂದಸ್ಸನ್ನು ಸಡಿಲಿಸಿದ ಈ ಕವಿ ತಮ್ಮ ಊರಿನ ತಬರಿ (ಎಂದರೆ ಮಾಜಂದರಾನಿ) ನುಡಿಯಲ್ಲೂ ಪದ್ಯ ಬರೆದಿಟ್ಟಿದ್ದಾರೆ.

● ತಬ್ರೀಜಿನ ಕವಿ ಶಹರಿಯಾರ್ (1906–1988) ಫಾರ್ಸಿ ಗಜಲ್‌ಗಳಿಂದ ದೇಶಕ್ಕೆಲ್ಲ ಹೆಸರಾದವರು. ಜನ ಇಂದಿಗೂ ಹೇಳುವ ಒಂದು ಸಂಗತಿ ಇದೆ. ಮಗ ದೊಡ್ಡ ಕವಿಯಂತೆ, ಆದರೆ ಅವನ ಪದ್ಯ ತನಗೆ ಅರ್ಥವಾಗುವುದಿಲ್ಲವಲ್ಲ ಎಂದು ತಾಯಿ ಕೊರಗಿದರಂತೆ. ಆಕೆಯದು ಅಜೆರಿ ತುರ್ಕಿ. ಆಗ ಶಹರಿಯಾರ್ ತಾಯ್ಮಾತಿಗೆ ತಿರುಗಿದರು. ಬಾಲ್ಯ ಕಳೆದ ಹಳ್ಳಿಯ ಪಕ್ಕದ ಗುಡ್ಡದ ಹೆಸರು ಹೈದರ್ ಬಾಬಾ. ಆ ಗುಡ್ಡವನ್ನೇ ಎದುರು ಕೂರಿಸಿಕೊಂಡು ಮಾತಾಡಿದಂತೆ ಒಂದು ನೀಳ್ಗವಿತೆ ಬರೆದರು. 1954ರಲ್ಲಿ ಅಚ್ಚಾದ ‘ಹೈದರ್ ಬಾಬಾಗೆ ಸಲಾಂ’ ಗಡಿ ದಾಟಿ ಅಜರ್‌ಬೈಜಾನಿಗೆ, ಟರ್ಕಿಗೆ ಹೋಯಿತು. ಓದು ಬಾರದವರೂ ಅದರ ಚರಣಗಳನ್ನು ಬಾಯಿಪಾಠ ಹೇಳತೊಡಗಿದರು. ಹಳ್ಳಿ, ಅಜ್ಜಿಯ ಕಥೆ, ಹಬ್ಬದ ದಿನಗಳು, ಸತ್ತುಹೋದ ನೆಂಟರು, ಎಲ್ಲವೂ ಅದರಲ್ಲಿವೆ. ಅವನ್ನು ಕಂಡ ಮಾತಿನಲ್ಲೇ ಅವನ್ನು ಬರೆದಾಗ ಬರುವ ಕಾವು ಅದರಲ್ಲಿದೆ.

● ಶಹರಿಯಾರ್ ತೀರಿಕೊಂಡ ದಿನ, ಸೆಪ್ಟೆಂಬರ್ 18, ಇರಾನಿನಲ್ಲಿ ಫಾರ್ಸಿ ಕಾವ್ಯ ಮತ್ತು ಸಾಹಿತ್ಯದ ರಾಷ್ಟ್ರೀಯ ದಿನ. ಆ ದಿನಕ್ಕೆ ನಿಮಿತ್ತವಾದ ಕವಿಯ ತಾಯ್ನುಡಿ ತುರ್ಕಿ!

● ಇನ್ನೂ ಹಿಂದಕ್ಕೆ ಹೋಗೋಣ. 1514ರಲ್ಲಿ ಚಾಲ್ದಿರಾನ್ ಬಯಲಿನಲ್ಲಿ ಇರಾನಿನ ಶಾ ಇಸ್ಮಾಯಿಲ್‌ಗೂ ಆಟೊಮನ್ ಸುಲ್ತಾನ ಸಲೀಮನಿಗೂ ಯುದ್ಧ. ಇಬ್ಬರೂ ಕವಿಗಳು. ಇರಾನಿನ ದೊರೆ ‘ಖತಾಯಿ’ ಎಂಬ ಅಂಕಿತದಲ್ಲಿ ಬರೆದದ್ದು ಹೆಚ್ಚಾಗಿ ತುರ್ಕಿಯಲ್ಲಿ; ತುರ್ಕರ ಸುಲ್ತಾನ ಬರೆದದ್ದು ಫಾರ್ಸಿಯಲ್ಲಿ. ಇಸ್ಮಾಯಿಲ್ ಕಟ್ಟಿದ ಸಫಾವಿ ವಂಶದ ಅರಮನೆಯೊಳಗೆ ತುರ್ಕಿ ಮಾತು ಬಹುಕಾಲ ನಡೆಯಿತು.

● 2024ರಲ್ಲಿ ಇರಾನಿನ ಅಧ್ಯಕ್ಷರಾದ ಮಸೂದ್ ಪೆಜೆಶ್ಕಿಯಾನ್ ಹುಟ್ಟಿದ್ದು ಮಹಾಬಾದ್ ಊರಿನಲ್ಲಿ. ಅಜೆರಿ, ಕುರ್ದಿಷ್ ಎರಡನ್ನೂ ಬಲ್ಲವರು.

● ಸಂವಿಧಾನ ಏನು ಹೇಳುತ್ತದೆ? 15ನೇ ವಿಧಿಯ ಪ್ರಕಾರ ಅಧಿಕೃತ ಭಾಷೆ ಮತ್ತು ಲಿಪಿ ಫಾರ್ಸಿ. ಸರ್ಕಾರಿ ದಾಖಲೆ, ಪಠ್ಯಪುಸ್ತಕ ಎಲ್ಲವೂ ಅದರಲ್ಲೇ ಇರಬೇಕು. ಅದೇ ವಿಧಿಯ ಮುಂದಿನ ಮಾತು: ಪ್ರಾದೇಶಿಕ ಭಾಷೆಗಳನ್ನು ಪತ್ರಿಕೆ ಮತ್ತು ಮಾಧ್ಯಮಗಳಲ್ಲಿ ಬಳಸಬಹುದು, ಫಾರ್ಸಿಯ ಜೊತೆಗೆ ಅವುಗಳ ಸಾಹಿತ್ಯವನ್ನು ಶಾಲೆಯಲ್ಲಿ ಕಲಿಸಬಹುದು. 1979ರಿಂದ ಈ ವಾಕ್ಯ ಪುಸ್ತಕದಲ್ಲಿದೆ. ಸರ್ಕಾರಿ ಶಾಲೆಯ ತರಗತಿಗೆ ಅದು ಇಳಿದದ್ದು ತೀರಾ ಕಡಿಮೆ. ಕುರ್ದಿಷ್ ಸಾಹಿತ್ಯಕ್ಕೆ ಪದವಿ ತರಗತಿ ಸನಂದಜ್‌ನ ಕುರ್ದಿಸ್ತಾನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು 2015ರಲ್ಲಿ. ಅದೇ ಊರಿನಲ್ಲಿ ಮಕ್ಕಳಿಗೆ ಕುರ್ದಿಷ್ ಹೇಳಿಕೊಡುತ್ತಿದ್ದ ಯುವ ಶಿಕ್ಷಕಿಯೊಬ್ಬರು ರಾಷ್ಟ್ರೀಯ ಭದ್ರತೆಯ ಆರೋಪದ ಮೇಲೆ ಶಿಕ್ಷೆಗೊಳಗಾಗಿ 2022ರ ಜನವರಿಯಲ್ಲಿ ಜೈಲು ಸೇರಿದರು. ಅಕ್ಷರ ಕಲಿಸಿದವರ ಕೈಗೆ ಕೋಳ ಬೀಳುವುದನ್ನು ಓದುವಾಗ ಮನಸ್ಸು ಮುದುಡುತ್ತದೆ.

● 16ನೇ ವಿಧಿ ಅರಬ್ಬಿಯನ್ನು ಪ್ರಾಥಮಿಕ ಹಂತದ ಆಚೆಗೆ ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡುತ್ತದೆ. ಅದು ಕುರಾನಿನ ಅರಬ್ಬಿ. ಖೂಜಿಸ್ತಾನ ಪ್ರಾಂತ್ಯದಲ್ಲಿ ಅರಬ್ಬಿಯನ್ನೇ ಆಡಿ ಬೆಳೆದ ಮಗುವಿನ ಮನೆಯ ಅರಬ್ಬಿಗೂ ಅದಕ್ಕೂ ಬಹಳ ಅಂತರ.

● ‘ಪುಟ್ಟ ಕಪ್ಪು ಮೀನು’ ಬರೆದ ಸಮದ್ ಬೆಹರಂಗಿ (1939–1968) ಅಜೆರಿ ಹಳ್ಳಿಗಳ ಶಾಲಾ ಮೇಷ್ಟ್ರು. ತುರ್ಕಿ ಬಿಟ್ಟು ಬೇರೇನೂ ಕೇಳಿರದ ಮಕ್ಕಳ ಮುಂದೆ ತೆಹರಾನಿನಲ್ಲಿ ಕೂತು ಬರೆದ ಫಾರ್ಸಿ ಪಠ್ಯ ಇಡುವುದು ಎಷ್ಟು ದೊಡ್ಡ ಅನ್ಯಾಯ ಎಂದು ಅವರು ಆಗಲೇ ಬರೆದರು. ಹೆಗಲಿಗೆ ಪುಸ್ತಕದ ಗಂಟು ಹಾಕಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆದು ಅಜೆರಿ ಜನಪದ ಕಥೆಗಳನ್ನು ಕೂಡಿಹಾಕಿದರು. 29ರ ಹರೆಯದಲ್ಲಿ ಅರಸ್ ನದಿಯಲ್ಲಿ ಮುಳುಗಿ ತೀರಿಕೊಂಡರು. ಆ ನದಿಯ ಆಚೆ ದಡದಲ್ಲೂ ಅವರದೇ ಭಾಷೆ; ದೇಶ ಮಾತ್ರ ಬೇರೆ.

● ಫಾರ್ಸಿಯಲ್ಲಿ ಅವನು, ಅವಳು ಎರಡಕ್ಕೂ ‘ಊ’ ಒಂದೇ. ಲಿಂಗಭೇದವೇ ಇಲ್ಲ. ತೆಹರಾನಿನಿಂದ ಪೂರ್ವಕ್ಕೆ ಸುಮಾರು 200 ಕಿ.ಮೀ. ಹೋದರೆ ಸೆಮ್ನಾನ್ ಎಂಬ ಊರು. ಅಲ್ಲಿನ ಸೆಮ್ನಾನಿ ಭಾಷೆಯಲ್ಲಿ ಗಂಡು, ಹೆಣ್ಣು ಭೇದ ಇನ್ನೂ ಉಳಿದಿದೆ. ಅದೇ ಸುತ್ತಿನಲ್ಲಿ ಸಂಗೇಸರಿ, ಸೊರ್ಖೇಯಿ, ಲಾಸ್ಗೆರ್ದಿ, ಶಹಮೀರ್ಜಾದಿ, ಊರಿಗೊಂದು ನುಡಿ.

● ಖಲಜ್ ಎಂಬ ತುರ್ಕಿ ಬಳಗದ ಭಾಷೆ ಅರಾಕ್ ಮತ್ತು ಖುಮ್ ನಗರಗಳ ನಡುವಿನ ಹಳ್ಳಿಗಳಲ್ಲಿದೆ. ಕಾಲಿಗೆ ಇಸ್ತಾಂಬುಲಿನಲ್ಲಿ ‘ಅಯಾಕ್’, ಇವರಲ್ಲಿ ‘ಹದಾಕ್’. ಆ ದಕಾರ ಬಹಳ ಪ್ರಾಚೀನ ರೂಪದ್ದು. ಬಹುಕಾಲ ಇದನ್ನು ಅಜೆರಿಯ ಒಂದು ಒರಟು ಉಪಭಾಷೆ ಎಂದುಕೊಂಡಿದ್ದರು. ಜರ್ಮನ್ ವಿದ್ವಾಂಸ ಗೆರ್ಹಾರ್ಡ್ ಡೋರ್ಫರ್ 1968ರಲ್ಲಿ ಆ ಹಳ್ಳಿಗಳಿಗೇ ಹೋಗಿ ಕೇಳಿ, ಇದು ತುರ್ಕಿ ಕುಲದಲ್ಲಿ ತನ್ನದೇ ಪ್ರತ್ಯೇಕ ಕವಲು ಎಂದು ತೋರಿಸಿದರು. ಒಂದು ಪದದ ಒಂದು ಅಕ್ಷರದಲ್ಲಿ ಸಾವಿರಾರು ವರ್ಷದ ಚರಿತ್ರೆ ಅಡಗಿತ್ತು.

● ಇರಾನಿನ ಮುದ್ರಣ ಚರಿತ್ರೆಯ ಮೊದಲ ಪುಟದಲ್ಲಿರುವುದು ಅರ್ಮೇನಿಯನ್ ಪುಸ್ತಕ. ಸಫಾವಿ ದೊರೆ ಶಾ ಅಬ್ಬಾಸ್ 1604–05ರಲ್ಲಿ ಅರ್ಮೇನಿಯನ್ನರನ್ನು ಅವರ ಊರಿನಿಂದ ಎಬ್ಬಿಸಿ ತಂದು ಇಸ್ಫಹಾನಿನ ಪಕ್ಕ ‘ಹೊಸ ಜುಲ್ಫಾ’ದಲ್ಲಿ ನೆಲೆಗೊಳಿಸಿದ. ಅವರು ಅಚ್ಚಿನ ಮೊಳೆಗಳನ್ನು ತಾವೇ ಮಾಡಿಕೊಂಡು 1638ರಲ್ಲಿ ಕೀರ್ತನೆಗಳ ಪುಸ್ತಕ ಅಚ್ಚು ಹಾಕಿದರು. ಫಾರ್ಸಿ ಪುಸ್ತಕಗಳ ಮುದ್ರಣ ಆರಂಭವಾದದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ.

● ಜಗತ್ತಿನ ಮೊಟ್ಟಮೊದಲ ಅರ್ಮೇನಿಯನ್ ನಿಯತಕಾಲಿಕ ಹೊರಟದ್ದು ಎಲ್ಲಿಂದ? ನಮ್ಮ ಪಕ್ಕದ ಮದ್ರಾಸಿನಿಂದ, 1794ರಲ್ಲಿ. ಹೆಸರು ‘ಅಜ್ದರಾರ್’. ಹೊರಡಿಸಿದ ಪಾದ್ರಿ ಹರುತ್ಯುನ್ ಶ್ಮಾವೋನಿಯನ್ ಶಿರಾಜಿನವರು. ತೆಹರಾನಿನಲ್ಲಿ 1931ರಲ್ಲಿ ಆರಂಭವಾದ ಅರ್ಮೇನಿಯನ್ ಪತ್ರಿಕೆಯ ಹೆಸರು ‘ಅಲಿಕ್’.

● ಪತ್ರಿಕೆಯ ಮಾತು ಬಂತು. ಇರಾನಿನ ಮೊದಲ ಪತ್ರಿಕೆ 1837ರದು. ಫಾರ್ಸಿಯ ‘ಕಾಗಜೆ ಅಖ್ಬಾರ್’. ಆ ‘ಕಾಗಜ್’ ನಮ್ಮ ಕಾಗದವೇ. 1849ರಲ್ಲಿ ಉರ್ಮಿಯಾ ಊರಿನಿಂದ ಅಮೆರಿಕದ ಮಿಷನರಿಗಳ ಮುದ್ರಣಾಲಯ ‘ಬೆಳಕಿನ ಕಿರಣಗಳು’ ಎಂಬರ್ಥದ ಹೆಸರಿಟ್ಟು ಅರಾಮಾಯಿಕ್ ಪತ್ರಿಕೆ ಹೊರಡಿಸಿತು. ಇವೆರಡರ ನಡುವೆ, 1843ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದಿದ್ದರು. ಉರ್ಮಿಯಾದ ಅಸ್ಸೀರಿಯನ್ನರು ಆಡುವ ಅರಾಮಾಯಿಕ್ ಯೇಸುಕ್ರಿಸ್ತ ಆಡಿದ ಭಾಷೆಯ ವಂಶದ್ದು.

● ಇರಾನಿನ ಸಂಸತ್ತಿನಲ್ಲಿ ಅರ್ಮೇನಿಯನ್ನರಿಗೆ 2, ಅಸ್ಸೀರಿಯನ್ನರಿಗೆ 1, ಯಹೂದಿಗಳಿಗೆ 1, ಜರತುಷ್ಟ್ರರಿಗೆ 1 ಮೀಸಲು ಸ್ಥಾನಗಳಿವೆ. ಇವು ಧರ್ಮದ ಲೆಕ್ಕದಲ್ಲಿ ಸಿಕ್ಕವು. ಭಾಷೆಯ ಲೆಕ್ಕದಲ್ಲಿ ಯಾರಿಗೂ ಇಲ್ಲ.

● ಇಸ್ಫಹಾನ್ ಪ್ರಾಂತ್ಯದ ಫೆರೆಯ್ದೂನ್‌ಶಹರ್ ಎಂಬ ಬೆಟ್ಟದ ಊರಿನಲ್ಲಿ ಜಾರ್ಜಿಯನ್ ಮಾತಾಡುತ್ತಾರೆ. ಅವರ ಹಿರೀಕರನ್ನೂ 17ನೇ ಶತಮಾನದಲ್ಲಿ ಎಬ್ಬಿಸಿ ತಂದವನು ಶಾ ಅಬ್ಬಾಸನೇ. ಧರ್ಮ ಬದಲಾಯಿತು, 400 ವರ್ಷ ಕಳೆಯಿತು, ಮಾತು ಉಳಿಯಿತು.

● ಮುಂಬಯಿಯಲ್ಲಿ ನಮ್ಮ ಉಡುಪಿ ಹೋಟೆಲುಗಳ ಓರಗೆಯಲ್ಲೇ ಬೆಳೆದವು ಇರಾನಿ ಹೋಟೆಲುಗಳು. ಬನ್ ಮಸ್ಕಾ, ಕಡಕ್ ಚಹಾ ಕೊಟ್ಟ ಆ ಮಾಲೀಕರಲ್ಲಿ ಬಹಳ ಮಂದಿ ಯಜ್ದ್, ಕೆರ್ಮಾನ್ ಕಡೆಯ ಜರತುಷ್ಟ್ರರು. ಅವರ ಮನೆಮಾತನ್ನು ಅವರು ‘ದರಿ’ ಎನ್ನುತ್ತಾರೆ. ಅಫ್ಘಾನಿಸ್ತಾನದ ದರಿಗೂ ಇದಕ್ಕೂ ಹೆಸರೊಂದೇ ಸಮಾನ. ಫಾರ್ಸಿ ಬಲ್ಲವರಿಗೆ ಇದು ಅರ್ಥವಾಗುವುದಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅಜ್ಜ ತನ್ನ ಹೆಂಡತಿಯೊಡನೆ ಆಡುತ್ತಿದ್ದದ್ದು ಈಗ ಅಳಿವಿನಂಚಿಗೆ ಬಂದಿರುವ ಭಾಷೆ ಎಂದು ಚಹಾ ಕುಡಿದ ಯಾರಿಗೆ ತಿಳಿದಿತ್ತು?

● ಇಸ್ಫಹಾನಿನ ಬೀದಿಗಳು ಫಾರ್ಸಿಗೆ ಹೊರಳಿದ ಮೇಲೂ ಅದೇ ಊರಿನ ಯಹೂದಿಗಳು ತಮ್ಮ ಕೇರಿಯೊಳಗೆ ಹಳೆಯ ನುಡಿಯನ್ನು ಕಾಪಾಡಿಕೊಂಡರು. ಹಮದಾನ್, ಕಾಶಾನ್ ಊರುಗಳಲ್ಲೂ ಹಾಗೇ. ಊರಿನ ಮೂಲ ಮಾತು ಕೇಳಬೇಕಾದರೆ ಅಲ್ಪಸಂಖ್ಯಾತರ ಮನೆಗೆ ಹೋಗಬೇಕಿತ್ತು.

● ದಕ್ಷಿಣ ಇರಾನಿನ ಲಾರ್ ಸೀಮೆಯವರು ‘ಅಚೊಮ್’ ಎನ್ನುತ್ತಾರೆ, ‘ಹೋಗ್ತೀನಿ’ ಎಂದರ್ಥ. ಆ ಒಂದು ಕ್ರಿಯಾಪದದಿಂದಲೇ ಅವರ ಭಾಷೆಗೆ ‘ಅಚೊಮಿ’ ಎಂಬ ಹೆಸರು ಬಿತ್ತು. ಕೊಲ್ಲಿ ದೇಶಗಳಿಗೆ ವ್ಯಾಪಾರಕ್ಕೆ ಹೋಗುತ್ತಲೇ ಇರುವ ಜನರಿಗೆ ಒಪ್ಪುವ ಹೆಸರು.

● ಭಾರತ ನಡೆಸುತ್ತಿದ್ದ ಬಂದರಿನ ಸುದ್ದಿಯಲ್ಲಿ ಚಾಬಹಾರ್ ಹೆಸರು ಕೇಳಿರುತ್ತೀರಿ. ಅದರ ಪೂರ್ವಕ್ಕಿರುವ ದಶ್ತಿಯಾರಿ ಬಯಲಿನಲ್ಲಿ ಜದ್ಗಾಲಿ ಎಂಬ ಭಾಷೆಯಿದೆ. ಸಿಂಧಿಯ ಹತ್ತಿರದ ನೆಂಟ. ಹೊರ್ಮೊಜ್ಗಾನ್ ಪ್ರಾಂತ್ಯದ ಖೊಲುಸ್ ಹಳ್ಳಿಯ ‘ಖೊಲುಸಿ’ಯೂ ಭಾರತದ ಭಾಷೆಗಳ ಬಳಗದ್ದೇ. ವಿದ್ವಾಂಸರ ಕಣ್ಣಿಗೆ ಅದು ಬಿದ್ದದ್ದು ತೀರಾ ಇತ್ತೀಚೆಗೆ.

● ಜಾಹೆದಾನ್ ನಗರದಲ್ಲಿ ಗುರುದ್ವಾರವಿದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಕ್ವೆಟ್ಟಾದಿಂದ ಅಲ್ಲಿಗೆ ರೈಲು ಹಳಿ ಹಾಕತೊಡಗಿದ ಮೇಲೆ ಸಿಖ್ಖರು ಬಂದು ನೆಲೆಸಿದರು. ಪಂಜಾಬಿಯೂ ಬಂತು.

● ಇದೆಲ್ಲ ಹೊಸ ಸಂಗತಿಯೇ? ಖಂಡಿತ ಅಲ್ಲ. ಕ್ರಿ.ಪೂ. 520ರ ಸುಮಾರಿನಲ್ಲಿ ದೊರೆ ದಾರಿಯಸ್ ಬಿಸುತೂನ್ ಬಂಡೆಯ ಮೇಲೆ ತನ್ನ ಗೆಲುವನ್ನು ಮೂರು ಭಾಷೆಗಳಲ್ಲಿ ಕೊರೆಸಿದ: ಎಲಾಮೈಟ್, ಬ್ಯಾಬಿಲೋನಿಯನ್, ಹಳೆಯ ಪರ್ಷಿಯನ್. ಪರ್ಸೆಪೊಲಿಸ್ ಕೋಟೆಯಲ್ಲಿ 1933ರಲ್ಲಿ ಸಿಕ್ಕ ಸಾವಿರಾರು ಮಣ್ಣಿನ ಹಲಗೆಗಳು ಆ ಕಾಲದ ಸರ್ಕಾರಿ ಉಗ್ರಾಣದ ಲೆಕ್ಕ. ಯಾರಿಗೆ ಎಷ್ಟು ಧಾನ್ಯ, ಎಷ್ಟು ದ್ರಾಕ್ಷಾರಸ ಅಳೆದು ಕೊಟ್ಟರು ಎಂಬುದೆಲ್ಲ ಅವುಗಳಲ್ಲಿದೆ. ಪರ್ಷಿಯನ್ ದೊರೆಗಳ ರಾಜಧಾನಿಯ ಈ ಲೆಕ್ಕ ಬಹುಪಾಲು ಎಲಾಮೈಟ್‌ನಲ್ಲಿದೆ, ನೂರಾರು ಹಲಗೆ ಅರಾಮಾಯಿಕ್‌ನಲ್ಲಿವೆ. ಗ್ರೀಕ್‌ನಲ್ಲಿ ಒಂದು. ಹಳೆಯ ಪರ್ಷಿಯನ್‌ನಲ್ಲಿ ಗುರುತಿಸಿದ್ದೂ ಒಂದೇ ಒಂದು.

● ಖೂಜಿಸ್ತಾನದ ಅಹ್ವಾಜ್‌ನಲ್ಲಿ ಮಾಂಡಿಯನ್ನರೆಂಬ ಪುಟ್ಟ ಸಮುದಾಯ ಕಾರೂನ್ ನದಿಯಲ್ಲಿ ಬಿಳಿ ಬಟ್ಟೆಯುಟ್ಟು ದೀಕ್ಷಾಸ್ನಾನ ಮಾಡುತ್ತದೆ. ಹರಿಯುವ ನೀರೆಲ್ಲ ಅವರಿಗೆ ‘ಯರ್ದ್ನಾ’. ಜೋರ್ಡಾನ್ ಹೊಳೆಯ ಹೆಸರು ಅದು. ತಮ್ಮದೇ ಲಿಪಿ, ತಮ್ಮದೇ ಗ್ರಂಥ. ಮಾಂಡಾಯಿಕ್ ಅನ್ನು ಮನೆಮಾತಾಗಿ ಆಡುವವರು ಈಗ ಕೆಲವೇ ನೂರು ಮಂದಿ. ಯುದ್ಧ, ವಲಸೆಗಳಿಂದ ಕುಟುಂಬಗಳು ಆಸ್ಟ್ರೇಲಿಯಾ, ಅಮೆರಿಕ ಸೇರಿದವು. ಮೊಮ್ಮಕ್ಕಳು ಇಂಗ್ಲಿಷಿಗೆ ಹೋದರು. ಈ ಪುಟ ಬರೆಯುವಾಗ ನನ್ನ ಕೈ ನಿಂತದ್ದು ಇಲ್ಲಿ.

● ಬಹ್ರಾಮ್ ಬೇಜಾಯಿ ಅವರ ‘ಬಾಶು’ ಸಿನಿಮಾ ನೋಡಿದ್ದೀರಾ? 1980ರ ದಶಕದ ನಡುವೆ ತಯಾರಾಗಿ 1989ರಲ್ಲಿ ತೆರೆ ಕಂಡಿತು. ಇರಾಕ್ ಯುದ್ಧದ ಬಾಂಬಿಗೆ ಮನೆ, ಅಪ್ಪ, ಅಮ್ಮ ಎಲ್ಲವನ್ನೂ ಕಳೆದುಕೊಂಡ ಖೂಜಿಸ್ತಾನದ ಹುಡುಗ ಲಾರಿಯೊಂದರಲ್ಲಿ ಅಡಗಿ ಕೂರುತ್ತಾನೆ. ಇಳಿದಾಗ ಸುತ್ತ ಹಸಿರು ಗದ್ದೆ. ಅದು ದೇಶದ ಇನ್ನೊಂದು ತುದಿಯ ಗೀಲಾನ್. ಗದ್ದೆಯಲ್ಲಿ ಎರಡು ಮಕ್ಕಳ ತಾಯಿ ನಾಯಿ ಎಂಬಾಕೆ ಅವನನ್ನು ನೋಡುತ್ತಾಳೆ (ಗೀಲಾನಿನಲ್ಲಿ ಅದು ಹೆಣ್ಣಿನ ಹೆಸರು). ಗಂಡ ಕೆಲಸ ಹುಡುಕಿಕೊಂಡು ಪರವೂರಿಗೆ ಹೋಗಿದ್ದಾನೆ. ಹುಡುಗನದು ಅರಬ್ಬಿ, ಆಕೆಯದು ಗೀಲಕಿ. ಇಬ್ಬರೂ ಒಂದೇ ದೇಶದವರು, ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ. ಫಾರ್ಸಿ ಬರುವುದು ಯಾವಾಗ? ಊರ ಹುಡುಗರು ಕಾಡಿಸಿ ಹೊಡೆದಾಡುವಾಗ ಬಾಶು ಕೈಗೆ ಸಿಕ್ಕ ಶಾಲಾ ಪುಸ್ತಕ ಎತ್ತಿಕೊಂಡು, ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದುತ್ತಾನೆ. ಪುಸ್ತಕದ ಭಾಷೆ ಎಲ್ಲರಿಗೂ ತಿಳಿಯುತ್ತದೆ, ಹುಡುಗರು ಸುಮ್ಮನಾಗುತ್ತಾರೆ. ಫಾರ್ಸಿ ಅಲ್ಲಿ ಮಾಡಿದ ಉಪಕಾರವನ್ನು ಬೇಜಾಯಿ ಮರೆಮಾಚಿಲ್ಲ. ಆದರೆ ಹುಡುಗನ ಜ್ವರ ಇಳಿಸುವುದು, ಅವನಿಗೆ ಹೊಟ್ಟೆತುಂಬ ಉಣ್ಣಿಸುವುದು ಪುಸ್ತಕದಲ್ಲಿಲ್ಲದ ಗೀಲಕಿ. ಮನೆಯ ಮುಂದೆ ಕೂತು ಆಕೆ ಒಂದೊಂದು ವಸ್ತುವನ್ನು ಎತ್ತಿ ತೋರಿಸಿ ತನ್ನ ಭಾಷೆಯ ಹೆಸರು ಹೇಳುತ್ತಾಳೆ. ಅವನು ತನ್ನ ಭಾಷೆಯ ಹೆಸರು ಹೇಳುತ್ತಾನೆ. ಆಕೆ ಇನ್ನೊಂದನ್ನು ಎತ್ತಿಕೊಳ್ಳುತ್ತಾಳೆ.